ಟಿವಿಯೊಳಗಿನ ಎತ್ತುಗಳ ಸೋಮವಾರ

ವರ್ಷ ಮುಗಿಯುತ್ತ ಬಂತೆಂದರೆ ಜನಕ್ಕೆ ಒಂದು ಚಟ ಹತ್ತುತ್ತದೆ. ಕಳೆದ ತಿಂಗಳುಗಳನ್ನೆಲ್ಲ ಹಿಂದಿರುಗಿ ನೋಡಿ, ಇದು ಮೊದಲನೆಯದು, ಅದು ಎರಡನೆಯದು ಎಂದು ನಂಬರು ಹಚ್ಚುವ ಚಟ. ನನ್ನ ಗಂಡ ತಮ್ಮ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತು ಈ ವರ್ಷ ಯಾವ ಹತ್ತಿ ಬೀಜ ಚಲೋ ಹೋಯಿತು ಎಂದು ಹೇಳುತ್ತಾರೆ. ಪಕ್ಕದ ಮನೆಯ ಸೀರೆ ವ್ಯಾಪಾರಿ ಯಾವ ಬಣ್ಣ ಓಡಿತು, ಯಾವುದು ಕಪಾಟಿನಲ್ಲೇ ಉಳಿಯಿತು ಎನ್ನುತ್ತಾರೆ. ನಮ್ಮ ಅತ್ತೆಯವರು ಯಾರ ಮನೆಯ ಮದುವೆಯಲ್ಲಿ ಗೋಧಿ ಹುಗ್ಗಿ ಹದವಾಗಿತ್ತು ಎಂಬುದನ್ನು ಕ್ರಮವಾಗಿ ಹೇಳಬಲ್ಲರು. ನಾನೂ ನಂಬರು ಹಚ್ಚುತ್ತೇನೆ. ಆದರೆ ನಾನು ಹಚ್ಚುವುದು ವಿಡಿಯೋ ಗೇಮುಗಳಿಗೆ. ಇದನ್ನು ಹೇಳಿದ ಕೂಡಲೇ ಎದುರಿನವರು ನನ್ನ ನರೆತ ಕೂದಲನ್ನೂ ಉಟ್ಟ ಇಳಕಲ್ ಸೀರೆಯನ್ನೂ ಒಮ್ಮೆ ನೋಡಿ, "ಮೊಮ್ಮಕ್ಕಳು ಆಡ್ತಾವೇನ್ರಿ?" ಎಂದು ಕೇಳುತ್ತಾರೆ. ಮೊಮ್ಮಕ್ಕಳು ಇನ್ನೂ ಇಲ್ಲ. ಆಡುವವಳು ನಾನೇ. ಐವತ್ತು ದಾಟಿದೆ, ಮೆಟ್ಟಿಲು ಹತ್ತುವಾಗ ಮೊಣಕಾಲು ಮಾತಾಡುತ್ತದೆ, ಆದರೆ ನನ್ನ ಬೆರಳುಗಳಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

ಬೆರಳುಗಳ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ, ಅದನ್ನು ಮುಚ್ಚಿಡುವುದಿಲ್ಲ. ನಾನು ಹುಟ್ಟಿದ್ದು ಇದೇ ಇಳಕಲ್ಲಿನ ನೇಕಾರರ ಮನೆಯಲ್ಲಿ. ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸವನ್ನು ಸಾಲೆಗೆ ಹೋಗುವ ಮೊದಲೇ ಕಲಿತವಳು. ಮುಂದೆ ಟೈಪಿಂಗ್ ಕಲಿತು, ಹುನಗುಂದದ ಒಬ್ಬ ಹಿರಿಯ ವಕೀಲರ ಆಫೀಸಿನಲ್ಲಿ ಬೆರಳಚ್ಚುಗಾರ್ತಿಯಾದೆ. ದಿನಾ ಬಸ್ಸು ಹತ್ತಿ ಹುನಗುಂದಕ್ಕೆ ಹೋಗುವುದು, ಸಂಜೆ ಬಸ್ಸು ಹತ್ತಿ ಇಳಕಲ್ಲಿಗೆ ಬರುವುದು, ಬಂದವಳೇ ಅಡುಗೆಮನೆಗೆ ನುಗ್ಗುವುದು. ಇಂಥ ಬೆರಳುಗಳು ಗೇಮಿನ ಗುಂಡಿಗಳ ಮೇಲೆ ಬಿದ್ದಾಗ ತವರಿಗೆ ಹೋದಷ್ಟು ಖುಷಿಪಟ್ಟವು. ಬಿದ್ದದ್ದಾದರೂ ಹೇಗೆ ಎಂದರೆ, ಮಿಕ್ಸರ್ ತರಲೆಂದು ಗಂಡನೊಡನೆ ಬಾಗಲಕೋಟೆಗೆ ಹೋಗಿದ್ದೆ. ಅಂಗಡಿಯವನು ಮಿಕ್ಸರುಗಳನ್ನು ತೋರಿಸುವಾಗ ಪಕ್ಕದ ದೊಡ್ಡ ಟಿವಿಯಲ್ಲಿ ಒಂದು ಕಾರು ಗುಡ್ಡ ಹತ್ತುತ್ತಿತ್ತು. ಸ್ವಲ್ಪ ಹಿಡಿದು ನೋಡ್ತೇನಿ ಎಂದು ಹಿಡಿದವಳು ಮಿಕ್ಸರಿನ ಕಡೆ ಮತ್ತೆ ತಿರುಗಲಿಲ್ಲ. ಮನೆಗೆ ಬಂದದ್ದು ಗೇಮಿನ ಡಬ್ಬಿ. ಅತ್ತೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದರಾಗ ಚಟ್ನಿ ಎಲ್ಲಿಂದ ಹಾಕೋದವಾ?" ಎಂದು ಕೇಳಿದರು. ಅಂದಿನಿಂದ ಇಂದಿನವರೆಗೂ ನಮ್ಮ ಮನೆಯಲ್ಲಿ ಚಟ್ನಿ ಅರೆಯುವುದು ಕಲ್ಲಿನಲ್ಲೇ.

ಇನ್ನು ಈ ವರ್ಷದ ಆಟಗಳಿಗೆ ಬರುತ್ತೇನೆ. ವರ್ಷದ ಮೊದಲ ಅರ್ಧವನ್ನು ನಾನು ಲಾರಿಯಲ್ಲಿ ಕಳೆದೆ. ಯಾವುದೋ ಹಿಮ ಬೀಳುವ ದೇಶ, ಉದ್ದಕ್ಕೆ ರಸ್ತೆ, ಹಿಂದೆ ಮರದ ದಿಮ್ಮಿ ಹೇರಿದ ಹದಿನೆಂಟು ಚಕ್ರದ ಲಾರಿ, ಮುಂದೆ ನಾನು. ನಿಜ ಜೀವನದಲ್ಲಿ ಸ್ಕೂಟಿ ಕೂಡ ತಿರುವಿನಲ್ಲಿ ಇಳಿದು ತಳ್ಳುವವಳು. ಆದರೆ ಒಮ್ಮೆ ಲಾರಿ ಹೊಡೆಯಲು ಬಂದ ಮೇಲೆ ಮನುಷ್ಯರಿಗೆ ಎಂಥ ಸೊಕ್ಕು ಬರುತ್ತದೆ ನೋಡಿ. ಹುನಗುಂದದ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲೇ ಕೂಡತೊಡಗಿದೆ. ಗೇರು ಬದಲಿಸಿದಾಗಲೆಲ್ಲ ತಲೆ ಅಲ್ಲಾಡಿಸತೊಡಗಿದೆ. ಒಂದು ದಿನ ತಡೆಯಲಾರದೆ, "ಇಲ್ಲಿ ಸ್ವಲ್ಪ ಮೊದಲs ಗೇರ್ ಇಳಿಸಬೇಕಾಗಿತ್ರಿ" ಎಂದುಬಿಟ್ಟೆ. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ, "ಯಾವ ಡಿಪೋದಾಗ ಇದ್ರಿ ಅಕ್ಕಾರ?" ಎಂದು ಮರ್ಯಾದೆಯಿಂದಲೇ ಕೇಳಿದ. ಮರುದಿನದಿಂದ ಕಿಟಕಿ ಪಕ್ಕದ ಹಿಂದಿನ ಸೀಟಿಗೆ ಹೋದೆ.

ಆಮೇಲೆ ಬಂದದ್ದು ವಕೀಲರ ಆಟ. ಕೊಲೆ ಯಾರು ಮಾಡಿದರೆಂದು ಸಾಕ್ಷಿಗಳನ್ನು ಕೇಳಿ ಕೇಳಿ ಹೊರಗೆಳೆಯಬೇಕು. ಅದರಲ್ಲಿ ಸುಳ್ಳು ಹೇಳುವವನ ಹಣೆಯಲ್ಲಿ ಬೆವರು ಮೂಡುತ್ತದೆ, ಟೇಬಲ್ ಕುಟ್ಟಿದ ಕೂಡಲೇ ಆತ ಅತ್ತು ಒಪ್ಪಿಕೊಳ್ಳುತ್ತಾನೆ, ಚಹಾ ಆರುವುದರೊಳಗೆ ತೀರ್ಪು ಬರುತ್ತದೆ. ನಮ್ಮ ವಕೀಲರಿಗೆ ಇದನ್ನು ವಿವರಿಸಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಹಿಂಗಾದ್ರ ನಾವು ಮಧ್ಯಾಹ್ನದ ಮ್ಯಾಲ ಏನ ಮಾಡೋದು?" ಎಂದರು. ನನಗೆ ಆ ಆಟ ಇಷ್ಟವಾಯಿತಾದರೂ ಆಡುವಾಗ ಎಲ್ಲರ ಹೇಳಿಕೆಯನ್ನು ಮನಸ್ಸಿನಲ್ಲೇ ಟೈಪು ಮಾಡುತ್ತ ಕೂಡುವುದರಿಂದ ಆಫೀಸಿನಲ್ಲೇ ಇದ್ದ ಹಾಗೆ ಅನ್ನಿಸಿ ಬಿಟ್ಟೆ. ನಡುವೆ ಒಂದು ಅಡುಗೆಯ ಆಟವನ್ನೂ ಆಡಿದೆ. ಗಿರಾಕಿಗಳು ಬಂದು ಕೂಡುತ್ತಾರೆ, ಅವರು ಸಿಟ್ಟಾಗುವ ಮೊದಲು ಒಲೆಯಿಂದ ತಿನಿಸು ಇಳಿಸಿ ಕೊಡಬೇಕು. ಅದರಲ್ಲಿ ನಾನು ನೂರಾರು ಜನರನ್ನು ಸಂತೃಪ್ತಿಪಡಿಸಿದ ದಿನವೇ ನಮ್ಮ ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಕಲಾಯಿತು. ಗಂಡ ತಟ್ಟೆಯಲ್ಲಿ ಅದನ್ನು ಎತ್ತಿ ಹಿಡಿದು, "ನನ್ನನ್ನೂ ಆ ಹೋಟೆಲ್ನ್ಯಾಗ ಗಿರಾಕಿ ಮಾಡಕೋ" ಎಂದರು. ಆ ಆಟವನ್ನೂ ಬಿಟ್ಟೆ. ಅಡುಗೆಮನೆಯಿಂದ ಬಿಡಿಸಿಕೊಂಡು ಬಂದು ಅಡುಗೆಯನ್ನೇ ಆಡುವ ನನ್ನ ಬುದ್ಧಿಗೆ ಏನೆನ್ನಬೇಕೋ ನನಗೇ ತಿಳಿಯದು.

ಆದರೆ ವರ್ಷದ ಆಟ ಎಂದರೆ ಹೊಲದ ಆಟ. ಅದನ್ನು ನನಗೆ ಹಚ್ಚಿದವಳು ಗಿರಿಜಾ. ಆಕೆ ನನ್ನ ಕಾಲೇಜು ಗೆಳತಿ, ಬಾದಾಮಿಯಲ್ಲಿ ಖಾನಾವಳಿ ನಡೆಸುತ್ತಾಳೆ, ನನ್ನಷ್ಟೇ ಗೇಮಿನ ಹುಚ್ಚಿನವಳು. ಈ ಆಟದಲ್ಲಿ ಟ್ರ್ಯಾಕ್ಟರು ಇಲ್ಲ. ಒಂದು ಜೋಡಿ ಎತ್ತು, ಒಂದು ಚಕ್ಕಡಿ, ಒಂದಿಷ್ಟು ನೆಲ. ಬಿತ್ತಬೇಕು, ನೀರು ಹಾಯಿಸಬೇಕು, ಕೊಯ್ದು ಕಣದಲ್ಲಿ ಒಣಗಿಸಬೇಕು. ಗಿರಿಜಾಳ ಹೊಲ ಹೊಳೆಯ ಆಚೆ, ನನ್ನದು ಈಚೆ. ವರ್ಷದ ಕೊನೆಗೆ ಒಂದು ಸುಗ್ಗಿ ಪಂದ್ಯ ಇರುತ್ತದೆ. ಯಾರ ಚಕ್ಕಡಿಯಿಂದ ಹೆಚ್ಚು ಕಾಳು ಪೇಟೆ ಮುಟ್ಟುತ್ತದೋ ಅವರ ಎತ್ತಿನ ಕೊರಳಿಗೆ ಒಂದು ಬಂಗಾರದ ಗಂಟೆ. ಹಿಂದಿನ ವರ್ಷ ಅದು ಗಿರಿಜಾಳ ಪಾಲಾಗಿತ್ತು. ಗೆದ್ದವಳು ಗೆದ್ದು ಸುಮ್ಮನಿರಬೇಕೋ ಬೇಡವೋ. ಈಕೆ ದಿನಾ ಬೆಳಿಗ್ಗೆ ಆ ಗಂಟೆಯ ಸದ್ದನ್ನು ಫೋನಿನಲ್ಲಿ ಹಿಡಿದು ನನಗೆ ಕಳಿಸುತ್ತಿದ್ದಳು. ಒಮ್ಮೆ ಆಫೀಸಿನಲ್ಲಿ ಒಬ್ಬ ಕಕ್ಷಿದಾರರು ಆಸ್ತಿ ಪಾಲಿನ ದುಃಖ ಹೇಳಿಕೊಳ್ಳುತ್ತಿರುವಾಗ ನನ್ನ ಚೀಲದೊಳಗಿಂದ ಠಣ್ ಠಣ್ ಎಂದಿತು. ಅವರು ಪಾಪ, ಎಲ್ಲಿಯೋ ಪೂಜೆ ನಡೆದಿದೆ ಎಂದು ಕೈ ಮುಗಿದರು. ಅಂದೇ ನಾನು ನಿಶ್ಚಯಿಸಿದೆ, ಈ ವರ್ಷ ಆ ಗಂಟೆ ನನ್ನ ಎತ್ತಿನ ಕೊರಳಿಗೆ ಬೀಳಬೇಕು. ನಗಬೇಡಿ, ಮಗಳ ಮದುವೆಯ ಸಮಯದಲ್ಲೂ ನಾನು ಇಷ್ಟು ಹಟ ಹಿಡಿದಿರಲಿಲ್ಲ.

ಇಲ್ಲಿ ನಮ್ಮ ಅತ್ತೆಯವರ ಬಗ್ಗೆ ಹೇಳಬೇಕು. ಅವರು ಕೆರೂರಿನ ಕಡೆಯ ಒಕ್ಕಲುತನದ ಮನೆಯವರು. ಹೊಲವನ್ನು ನನ್ನ ಮೈದುನ ನೋಡಿಕೊಳ್ಳುತ್ತಾನೆ, ಇವರು ಈಗ ಕೆಲವು ವರ್ಷಗಳಿಂದ ನಮ್ಮ ಜೊತೆ ಇಳಕಲ್ಲಿನಲ್ಲಿದ್ದಾರೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮುಗಿಸದೆ ಹನಿ ನೀರು ಕುಡಿಯುವವರಲ್ಲ. ನನ್ನ ಲಾರಿಯನ್ನಾಗಲಿ ಕೊಲೆಗಾರರನ್ನಾಗಲಿ ಅವರು ಕಣ್ಣೆತ್ತಿ ನೋಡಿದವರೇ ಅಲ್ಲ. ಆದರೆ ಟಿವಿಯಲ್ಲಿ ಎತ್ತು ಕಂಡ ದಿನ ಅವಲಕ್ಕಿ ಹಸನು ಮಾಡುತ್ತಿದ್ದ ಮೊರ ಕೆಳಗಿಟ್ಟು ಹತ್ತಿರ ಬಂದು ಕೂತರು. ಸ್ವಲ್ಪ ಹೊತ್ತು ನೋಡಿ, "ಸಾಲು ಸೊಟ್ಟ ಹೊಂಟೈತಿ" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ಎತ್ತಿಗೆ ನೀರು ಕುಡಿಸಿ ಎಷ್ಟ ಹೊತ್ತಾತು?" ಎಂದರು. ಆಟದಲ್ಲಿ ಎತ್ತಿಗೆ ನೀರು ಕುಡಿಸಬಹುದು ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದು ವಾರ ಕಳೆಯುವುದರೊಳಗೆ ಕಂಟ್ರೋಲರ್ ಅವರ ಕೈಯಲ್ಲಿತ್ತು. ನಾನು ಆಫೀಸಿಗೆ ಹೋದ ಮೇಲೆ ಹೊಲವೆಲ್ಲ ಅವರದೇ. ಎತ್ತುಗಳಿಗೆ ಕೆಂದ್ಯಾ, ಬಿಳ್ಯಾ ಎಂದು ಹೆಸರಿಟ್ಟರು. ಸಂಜೆ ನಾನು ಬರುವ ಹೊತ್ತಿಗೆ ಕಳೆ ತೆಗೆದಿರುತ್ತಿತ್ತು, ನೀರು ಹಾಯಿಸಿರುತ್ತಿತ್ತು, ಬದುವಿನ ಮೇಲೆ ಹೂವಿನ ಗಿಡ ಕೂಡ ಹಚ್ಚಿರುತ್ತಿತ್ತು. ಗಂಡನಂತೂ ಅಂಗಡಿಯಲ್ಲಿ ದಿನವಿಡೀ ಗೊಬ್ಬರದ ಮಾತಾಡಿ ಮನೆಗೆ ಬಂದರೆ ಅವರ ತಾಯಿ, "ಗೋಂಜಾಳದ ಎಲಿ ಹಳದಿ ಆಗ್ಯಾವು, ಏನ ಹಾಕಬೇಕೋ?" ಎಂದು ಟಿವಿಯೊಳಗಿನ ಮೆಕ್ಕೆಜೋಳದತ್ತ ಕೈ ತೋರಿಸುತ್ತಿದ್ದರು. ಗಂಡ ಚಪ್ಪಲಿ ಬಿಡುವ ಮೊದಲೇ ಹಳದಿ ಎಲೆಗೆ ಔಷಧ ಹೇಳಿ ಒಳಗೆ ಬರಬೇಕಾಗುತ್ತಿತ್ತು.

ಬೆಳೆ ಹೊಳೆಯಾಚೆಯ ಗಿರಿಜಾಳ ಕಣ್ಣು ಕುಕ್ಕುವಂತೆ ಬಂತು. ಸೋಮವಾರ ಮಾತ್ರ ಹೊಲದಲ್ಲಿ ಏನೂ ಕೆಲಸವಾಗಿರುತ್ತಿರಲಿಲ್ಲ. ಅಂದು ಅತ್ತೆಯವರು ಮಠಕ್ಕೆ ಹೋಗಿ ಬರುತ್ತಾರೆ, ದಣಿದಿರುತ್ತಾರೆ ಎಂದುಕೊಂಡು ನಾನೂ ಕೇಳಲಿಲ್ಲ. ಅದನ್ನು ಆಗಲೇ ಕೇಳಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಪಂದ್ಯದ ಕೊನೆಯ ಭಾನುವಾರ ನಾನು ಬೆಳಗಿನಿಂದ ಕೂತು ಕೊಯ್ಲು ಮುಗಿಸಿದೆ. ಅಷ್ಟೊಂದು ಕಾಳನ್ನು ಕಣದಲ್ಲಿ ಹರವಿದ್ದೆ. ಆದರೆ ಒಣಗಲು ಮರುದಿನ ಮಧ್ಯಾಹ್ನದವರೆಗೆ ಕಾಯಬೇಕು ಎಂದು ಆಟ ಹೇಳಿತು. ಪೇಟೆ ಮುಚ್ಚುವುದು ಸೋಮವಾರ ಸಂಜೆ. ನಾನು ಆ ಹೊತ್ತಿಗೆ ಹುನಗುಂದದಲ್ಲಿರುತ್ತೇನೆ. ವಕೀಲರ ಹತ್ತಿರ ರಜೆ ಕೇಳಬಹುದಿತ್ತು, ಆದರೆ ಕಾರಣ ಏನೆಂದು ಹೇಳುವುದು. ಎತ್ತು ಪೇಟೆಗೆ ಹೋಗಬೇಕು ಎಂದು ಅರ್ಜಿ ಬರೆಯಲಾಗುತ್ತದೆಯೇ. ಹೀಗಾಗಿ ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಅತ್ತೆಯವರಿಗೆ ಕಂಟ್ರೋಲರ್ ತೋರಿಸಿ, "ಮಧ್ಯಾಹ್ನ ಊಟ ಆದ ಮ್ಯಾಲ ಈ ಹಸಿರು ಗುಂಡಿ ಒಂದ್ಸಲ ಒತ್ತರಿ, ಸಾಕು. ಮುಂದಿಂದು ಅದs ಮಾಡಕೋತೈತಿ" ಎಂದೆ. "ಒತ್ತತೇನಿ ತಗೋ, ಅದೇನ ದೊಡ್ಡ ಕೆಲಸ" ಎಂದರು.

ಆ ದಿನ ಆಫೀಸಿನಲ್ಲಿ ನನ್ನ ಜೀವ ನಿಂತಲ್ಲಿ ನಿಲ್ಲಲಿಲ್ಲ. ಒಂದು ನೋಟೀಸಿನಲ್ಲಿ ‘ವಾದಿ’ ಎನ್ನುವಲ್ಲೆಲ್ಲ ‘ಗಿರಿಜಾ’ ಎಂದು ಟೈಪು ಮಾಡಿದೆ. ಸಂಜೆ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಗೆಲುವಿನ ಸಿಹಿಗೆಂದು ಒಂದು ಡಬ್ಬಿ ಕರದಂಟು ಕೊಂಡೆ. ಮನೆಯೊಳಗೆ ಕಾಲಿಟ್ಟು ನೋಡುತ್ತೇನೆ, ಟಿವಿ ಬಂದ್ ಆಗಿದೆ, ಅತ್ತೆಯವರು ಪಡಸಾಲೆಯಲ್ಲಿ ನೆಮ್ಮದಿಯಾಗಿ ಬತ್ತಿ ಹೊಸೆಯುತ್ತಿದ್ದಾರೆ. ಟಿವಿಯ ಗಾಜಿನ ಮೇಲೆ ಕೆಳಭಾಗದಲ್ಲಿ ಎರಡು ಕಡೆ ವಿಭೂತಿಯ ಮೂರು ಮೂರು ಗೆರೆಗಳು. ಟಿವಿ ಹಚ್ಚಿದೆ. ನನ್ನ ಕಾಳಿನ ಚೀಲಗಳೆಲ್ಲ ಪೇಟೆಯ ದಾರಿಯ ನಡುವೆ ಚಕ್ಕಡಿಯಲ್ಲಿ ನಿಂತಿದ್ದವು. ಮೇಲೆ ಮಳೆ ಸುರಿಯುತ್ತಿತ್ತು. ಎತ್ತುಗಳು ಮಾತ್ರ ಕೊಟ್ಟಿಗೆಯಲ್ಲಿ ಬೆಚ್ಚಗೆ ಮಲಗಿ ಹಿಂಡಿ ತಿನ್ನುತ್ತಿದ್ದವು. ಪೇಟೆ ಮುಚ್ಚಿತ್ತು. ಗಂಟೆ ಮತ್ತೆ ಹೊಳೆಯಾಚೆಗೇ ಹೋಗಿತ್ತು.

"ಅತ್ತಿ, ಗುಂಡಿ ಒತ್ತಲಿಲ್ಲೇನ್ರಿ?" ಎಂದೆ.

"ಒತ್ತಿದ್ನೆವಾ. ಒತ್ತಿದ ಕೂಡ್ಲೆ ಕೆಂದ್ಯಾ ಬಿಳ್ಯಾನ ಹೆಗಲ ಮ್ಯಾಲ ನೊಗ ಬಂತು. ಇವತ್ತ ಸೋಮವಾರ. ಬಸವಣ್ಣನ ವಾರ. ಹೊತ್ತು ಹುಟ್ಟಿದಾಗಿಂದ ನಮ್ಮನ್ಯಾಗ ಸೋಮವಾರ ಎತ್ತಿನ ಹೆಗಲ ಮ್ಯಾಲ ಯಾರೂ ನೊಗ ಇಟ್ಟಿಲ್ಲ. ಎದಿ ಧಸಕ್ ಅಂತು. ನಡು ದಾರ್ಯಾಗ ಕೊಳ್ಳ ಹರಿದು, ನೊಗ ಇಳಿಸಿ, ಮನಿಗಿ ಹೊಡಕೊಂಡ ಬಂದೆ. ತಪ್ಪಾತಪ್ಪಾ ಅಂತ ಎರಡರ ಹಣಿಗಿನೂ ವಿಭೂತಿ ಹಚ್ಚೀನಿ."

ನೇಕಾರರ ಮನೆಯವಳಾದ ನನಗೆ ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವುದು ಗೊತ್ತು. ಹೊಲ ಎಂದರೆ ಎಳ್ಳ ಅಮಾವಾಸ್ಯೆಗೆ ಬುತ್ತಿ ಕಟ್ಟಿಕೊಂಡು ಹೋಗಿ ಉಂಡು ಬರುವ ಜಾಗ, ಅಷ್ಟೇ. ಸೋಮವಾರದ ಪದ್ಧತಿಯನ್ನು ಯಾವಾಗಲೋ ಕೇಳಿದ್ದೆನಾದರೂ ಅದು ಟಿವಿಯ ಒಳಗೂ ನಡೆಯುತ್ತದೆಂದು ತಿಳಿದಿರಲಿಲ್ಲ. ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. "ಅತ್ತಿ, ಅವು ಖರೇ ಎತ್ತ ಅಲ್ರಿ" ಎಂದೆ.

ಅತ್ತೆಯವರು ಬತ್ತಿ ಕೆಳಗಿಟ್ಟು ನನ್ನನ್ನು ನೋಡಿದರು. "ಖರೇ ಎತ್ತ ಅಲ್ಲಂದ್ರ, ಆ ಗಂಟಿನೂ ಖರೇದಲ್ಲ. ಹಂಗಂದ ಮ್ಯಾಲ ನೀ ಯಾಕ ಮಾರಿ ಸಣ್ಣ ಮಾಡೀದಿ?"

ಹಿರಿಯ ವಕೀಲರ ಆಫೀಸಿನಲ್ಲಿ ಇಷ್ಟು ವರ್ಷ ವಾದ ಪ್ರತಿವಾದಗಳನ್ನು ಟೈಪು ಮಾಡಿದವಳು ನಾನು. ಇಂಥ ವಾದವನ್ನು ಮಾತ್ರ ಇನ್ನೂ ಟೈಪು ಮಾಡಿರಲಿಲ್ಲ. ಕರದಂಟಿನ ಡಬ್ಬಿ ಬಿಚ್ಚಿ ಸೋಲಿಗೇ ತಿಂದೆ. ರಾತ್ರಿಯ ವಾರ್ತೆಗೆ ಗಂಡ ಟಿವಿ ಹಚ್ಚಿದಾಗ ವಾರ್ತೆ ಓದುವ ಹುಡುಗಿಯ ಗಲ್ಲದ ಮೇಲೆ ವಿಭೂತಿ ಇತ್ತು, ಆಮೇಲೆ ಕ್ರಿಕೆಟ್ ಆಡುವವನ ಮೊಣಕಾಲಿಗೆ ಬಂತು. ಅದನ್ನು ಒರೆಸಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಾಗಲಿಲ್ಲ.

ಪ್ರತಿ ವರ್ಷ ಕೊನೆಗೆ ಗಿರಿಜಾಳ ಖಾನಾವಳಿಯಲ್ಲಿ ನಾವಿಬ್ಬರೂ ಕೂತು ವರ್ಷದ ಆಟ ಯಾವುದೆಂದು ತೀರ್ಮಾನಿಸುವುದು ರೂಢಿ. ಈ ಸಲ ಅತ್ತೆಯವರೂ ಬರುತ್ತೇನೆಂದರು. ಬನಶಂಕರಿಗೂ ಹೋಗಿಬಂದಂತಾಗುತ್ತದೆ ಎಂದು ಹೇಳಿದರಾದರೂ, ಹೊಳೆಯಾಚೆಯ ಹೊಲದವಳನ್ನು ನೋಡುವ ಕುತೂಹಲ ಅವರಿಗೆ ಇದ್ದೇ ಇತ್ತು. ಮಧ್ಯಾಹ್ನದ ಗಿರಾಕಿಗಳ ಗದ್ದಲ ಇಳಿದ ಮೇಲೆ ಗಿರಿಜಾ ನಮಗೆ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಡಿಸಿ, ಫೋನಿನಲ್ಲಿ ತನ್ನ ಎತ್ತಿನ ಕೊರಳಿನ ಹೊಸ ಗಂಟೆಯನ್ನು ತೋರಿಸಿದಳು. ನಾನು ಎಣಗಾಯಿಯನ್ನೇ ನೋಡುತ್ತ ಕೂತೆ. ಅತ್ತೆಯವರು ಫೋನನ್ನು ದೂರ ಹಿಡಿದು ಚೆನ್ನಾಗಿ ನೋಡಿ, "ಎತ್ತು ಭಾಳ ಬಡಕಲ ಆಗೈತಲ್ಲವಾ" ಎಂದರು. "ಸೋಮವಾರನೂ ಹೂಡತೀಯೇನು?"

"ಹೂಡಲಾರದ ಗಂಟಿ ಹೆಂಗ ಬರತೈತ್ರಿ?" ಎಂದು ಗಿರಿಜಾ ನಕ್ಕಳು.

"ನಿನ್ನ ಖಾನಾವಳಿ ಯಾವ ವಾರ ಬಂದ್ ಇರತೈತಿ?"

"ನಮಗೆಲ್ಲಿ ಬಂದ್ರಿ. ದಿನಾ ಒಲಿ ಹಚ್ಚೂದs."

ಅತ್ತೆಯವರು ಹೂಂ ಎಂದು ಒಂದು ತುತ್ತು ಉಂಡರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಈಕಿನೂ ಹಂಗs. ಬಸ್ಸು, ಆಫೀಸು, ಒಲಿ. ಐತವಾರ ಆದ್ರ ಬಟ್ಟಿ ಒಗೆಯೋದು. ಇಷ್ಟ ವರ್ಷ ನೋಡಾಕತ್ತೇನಿ, ಹೆಗಲ ಮ್ಯಾಲಿಂದ ಇಳಿಸಿದ್ದಿಲ್ಲ. ಎತ್ತಿಗರ ಬಿಡುವಿಗಂತ ಒಂದ ವಾರ ಐತಿ" ಎಂದರು. ಗಿರಿಜಾ ಅತ್ತೆಯವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಈ ಮಾತನ್ನು ಯಾರೂ ನನಗೆ ಅಂದಿರಲಿಲ್ಲ, ಅಂದವರು ಅತ್ತೆಯವರು ಎಂಬುದು ಇನ್ನೂ ವಿಚಿತ್ರ. ಗಂಟೆ ಹೋದ ಸಿಟ್ಟು ಅಲ್ಲಿಯೇ, ಎಣಗಾಯಿಯ ಪಕ್ಕದಲ್ಲಿಯೇ ಇಳಿದುಹೋಯಿತು. ವರ್ಷದ ಆಟ ಯಾವುದೆಂದು ಹೇಳುವುದನ್ನು ಇಬ್ಬರೂ ಮರೆತೆವು.

ಅತ್ತೆಯವರ ಮಾತು ಎಂದರೆ ಮಾತೇ. ಇಳಕಲ್ಲಿಗೆ ಬಂದವರೇ ಮಗನನ್ನು ಕರೆದು, ಇನ್ನು ಮುಂದೆ ಭಾನುವಾರ ಸೊಸೆಗೆ ಬಿಡುವು, ಅಂದು ಒಲೆ ನಿನ್ನದು ಎಂದು ತಾಕೀತು ಮಾಡಿದರು. ಗಂಡ ಮೊದಲ ಭಾನುವಾರ ಉಪ್ಪಿಟ್ಟು ಮಾಡಿದರು. ಉಪ್ಪಿಟ್ಟಿಗೆ ಉಪ್ಪು ಹಾಕುವುದನ್ನು ಮರೆತಿದ್ದರು, ಆದರೂ ನಾನು ಎರಡು ಸಲ ಹಾಕಿಸಿಕೊಂಡು ತಿಂದೆ. ಬೇರೆಯವರು ಮಾಡಿ ಬಡಿಸಿದ ಉಪ್ಪಿಟ್ಟಿನ ರುಚಿಯೇ ಬೇರೆ. ತಿಂದು ಕೈ ತೊಳೆದು, ಹಿಗ್ಗಿನಿಂದ ಟಿವಿಯ ಮುಂದೆ ಕೂತು ಕಂಟ್ರೋಲರ್ ಎತ್ತಿಕೊಂಡೆ. ಇಡೀ ಭಾನುವಾರ ನನ್ನದು. ಮುಂದಿನ ವರ್ಷದ ಗಂಟೆಗೆ ಇಂದಿನಿಂದಲೇ ಬಿತ್ತನೆ ಶುರು ಮಾಡಬೇಕು ಎಂದು ಯೋಚಿಸುತ್ತಿದ್ದೆ.

"ಇಡವಾ ಅದನ್ನ" ಎಂದರು ಅತ್ತೆಯವರು. "ಬಿಡುವು ಅಂದ ಮ್ಯಾಲ ಬಿಡುವು. ನೊಗ ಇಳಿಸಿದ ಮ್ಯಾಲ ಮತ್ತ ತಾನs ಹೋಗಿ ಹೆಗಲ ಕೊಡೋ ಎತ್ತು ಎಲ್ಯಾರ ನೋಡೀಯೇನು? ಹೊಲದ ಕೆಲಸ ನಾನು, ನನ ಮಗ ನೋಡಕೋತೇವಿ. ನೀ ಹೊರಗ ಗಾಳಿಗೆ ಕೂಡು ಹೋಗು."

ಹೀಗಾಗಿ ಈಗ ಪ್ರತಿ ಭಾನುವಾರ ತಾಯಿ ಮಗ ಟಿವಿಯ ಮುಂದೆ ಕೂತು ಗೊಬ್ಬರದ ಬಗ್ಗೆ ಜಗಳಾಡುತ್ತ ನನ್ನ ಹೊಲ ಉಳುತ್ತಾರೆ. ನಾನು ಹೊರಗೆ ಕಟ್ಟೆಯ ಮೇಲೆ ನೆರಳಿಗೆ ಕೂತಿರುತ್ತೇನೆ. ಅತ್ತೆಯವರು ಆಗಾಗ ಬಂದು ಚರಿಗೆಯಲ್ಲಿ ನೀರು ಇಟ್ಟು ಹೋಗುತ್ತಾರೆ, ಮಡಿಲಿಗೆ ಹುರಿದ ಶೇಂಗಾ ಸುರಿದು ಹೋಗುತ್ತಾರೆ. ಹೋದ ವಾರ ಹಾಗೆ ಕೂತು ಬಾಯಾಡಿಸುತ್ತಿರುವಾಗ ಗಿರಿಜಾಳ ಫೋನು ಬಂತು. ಸೋಮವಾರ ಖಾನಾವಳಿ ಬಂದ್ ಇಡಲು ಶುರು ಮಾಡಿದ್ದಾಳಂತೆ, ಎತ್ತನ್ನೂ ಅಂದು ಬಿಡುತ್ತಾಳಂತೆ. ಅದನ್ನು ಹೇಳಿ ಮುಗಿಸಿ, "ಇವತ್ತ ಐತವಾರ ಅಲ್ಲೇನು, ಆಟದಾಗ ಇರತೀ ಅನಕೊಂಡಿದ್ದೆ. ಎಲ್ಲಿ ಅದೀ?" ಎಂದು ಕೇಳಿದಳು.

ನಾನು ಬಾಯಿಯಲ್ಲಿದ್ದ ಶೇಂಗಾ ನಿಧಾನವಾಗಿ ಅಗಿದು ನುಂಗಿದೆ. "ಕೊಟ್ಟಿಗ್ಯಾಗ" ಎಂದೆ.